ನಾಯಿಗೆ ಬಹುವಚನ

ಕೆಲಸಕ್ಕಿದ್ದ ಬಟ್ಟೆ ಅಂಗಡಿ ಶಾಶ್ವತವಾಗಿ ಬಾಗಿಲು ಹಾಕಿದಾಗ ಅವರ ಕೈಯಲ್ಲಿ ಉಳಿದಿದ್ದು ಒಂದೇ ವಿದ್ಯೆ, ಬಂದವರನ್ನು ಮರ್ಯಾದೆಯಿಂದ ಕೂರಿಸುವುದು. "ಬನ್ನಿ ಸಾರ್, ಕೂತ್ಕೊಳ್ಳಿ, ಸುಮ್ನೆ ನೋಡಿ, ತಗೊಳ್ಳೇಬೇಕು ಅಂತೇನಿಲ್ಲ" ಎಂದು ಹೇಳಿ ಹೇಳಿ ಬೀದಿಯವರ ಬಾಯಲ್ಲಿ ಅವರು 'ಬನ್ನಿಸಾರ್' ಆಗಿಹೋಗಿದ್ದರು. ತಲೆ ನರೆತವರನ್ನು ಬೇರೆ ಅಂಗಡಿಯವರು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಸಿಕ್ಕಿದ್ದು, ಕಟ್ಟಡದ ಗುತ್ತಿಗೆದಾರರೊಬ್ಬರ ನಾಯಿಯನ್ನು ಬೆಳಿಗ್ಗೆ ಸಂಜೆ ಅಡ್ಡಾಡಿಸುವ ಕೆಲಸ. ಅದೂ ನಾಯಿಮರಿ ಕಂಡರೂ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ ಮನುಷ್ಯನಿಗೆ.

"ನೀವು ಅದನ್ನ ಕರ್ಕೊಂಡು ಹೋಗ್ತೀರೋ, ಅದು ನಿಮ್ಮನ್ನ ಎಳ್ಕೊಂಡು ಹೋಗುತ್ತೋ?" ಎಂದು ಹೆಂಡತಿ ಕೇಳಿದರು.

"ಇಬ್ರೂ ಒಂದೇ ಕಡೆ ಹೋದ್ರೆ ಸಾಕು ಬಿಡು."

ಗುತ್ತಿಗೆದಾರರು ಮೊದಲ ದಿನವೇ ಷರತ್ತು ಹಾಕಿದರು. "ನೋಡು, ಒಂದು ವಾರ ಟೈಮು. ಕರೆದ್ರೆ ಬರ್ಬೇಕು, ಹೇಳಿದ್ರೆ ಕೂರ್ಬೇಕು. ಅಷ್ಟೂ ಕಲಿಸ್ದೆ ಹೋದ್ರೆ ನೀನು ಬರೋದೇ ಬೇಡ."

ಆ ಮನೆಯಲ್ಲಿ ಏಕವಚನಕ್ಕೆ ಬರವಿಲ್ಲ. ಅಡುಗೆಯವರಿಗೂ ಬಾ, ಡ್ರೈವರಿಗೂ ಬಾ, ಅಪ್ಪನ ವಯಸ್ಸಿನ ಮಾಲಿಗೂ ಬಾ. ನಾಯಿಗೂ ಅದೇ ಬಾ. ಭೇದಭಾವ ಇಲ್ಲ ಎಂದು ಬೇಕಾದರೆ ಹೊಗಳಬಹುದು.

ಬನ್ನಿಸಾರ್‌ಗೆ ನಾಯಿ ಎಂದರೆ ಗಿರಾಕಿ. ಅದು ಕಂಬ ಕಂಬಕ್ಕೂ ನಿಂತು ಮೂಸುತ್ತಿದ್ದರೆ, ಇಡೀ ಬೀರು ಬಿಚ್ಚಿಸಿ ಕರ್ಚೀಫೂ ಕೊಳ್ಳದೆ ಎದ್ದು ಹೋಗುವವರನ್ನು ಕಂಡ ಆ ಜೀವಕ್ಕೆ ಬೇಸರವೇ ಇರಲಿಲ್ಲ. "ನೋಡಿ, ನಿಧಾನಕ್ಕೆ ನೋಡಿ" ಎಂದು ಹಗ್ಗ ಸಡಿಲಿಸಿ ನಿಲ್ಲುತ್ತಿದ್ದರು. ಬಾ, ಕೂರು ಎನ್ನಲು ನಾಲಿಗೆ ಹೊರಳಲಿಲ್ಲ. "ಬನ್ನಿ" ಎಂದು ಒಂದು ಬಿಸ್ಕತ್ತು, "ಕೂತ್ಕೊಳ್ಳಿ" ಎಂದು ಇನ್ನೊಂದು. ನಾಯಿ ಚೆನ್ನಾಗಿಯೇ ಕಲಿಯಿತು. ತಾವು ಕಲಿಸುತ್ತಿರುವುದು ಆ ಮನೆಯಲ್ಲಿ ಯಾರೂ ಆಡದ ಮಾತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ವಾರ ಮುಗಿಯಿತು. ಗುತ್ತಿಗೆದಾರರು ಅಂಗಳದಲ್ಲಿ ನಾಯಿಯ ಹಗ್ಗ ಬಿಚ್ಚಿಸಿ ದೂರ ನಿಂತರು.

"ಏಯ್, ಬಾ ಇಲ್ಲಿ."

ನಾಯಿ ಬೇರೆ ಯಾರನ್ನೋ ಕರೆದರೇನೋ ಎನ್ನುವಂತೆ ಹಿಂದೆ ತಿರುಗಿ ನೋಡಿತು. ದನಿ ಏರಿತು. ನಾಯಿ ಆಕಳಿಸಿತು.

"ಏನಯ್ಯಾ ಕಲಿಸಿದ್ದೀಯ ನೀನು? ದಂಡ. ನಾಳೆಯಿಂದ..."

"ಒಂದ್ನಿಮಿಷ ಸಾರ್." ಬನ್ನಿಸಾರ್ ಒಂದು ಹೆಜ್ಜೆ ಮುಂದೆ ಬಂದರು. "ಒಂದ್ಸಲ 'ಬನ್ನಿ' ಅಂದು ನೋಡಿ."

"ಯಾರಿಗೆ? ನಾಯಿಗಾ?"

"ಇಲ್ಲಿ ಬೇರೆ ಯಾರೂ ಇಲ್ವಲ್ಲ ಸಾರ್, ಪರವಾಗಿಲ್ಲ."

ಗುತ್ತಿಗೆದಾರರು ಕಾಂಪೌಂಡಿನ ಆಚೆ ಈಚೆ ನೋಡಿದರು. ಕೆಮ್ಮಿದರು. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ, "ಬನ್ನಿ" ಎಂದರು. ನಾಯಿ ಓಡಿ ಬಂತು. "ಕೂತ್ಕೊಳ್ಳಿ" ಎಂದರು, ಕೂತಿತು. ಅದರ ತಲೆ ಸವರುತ್ತಾ, ತಾವೇ ಕಲಿಸಿದವರಂತೆ ಹಿಗ್ಗಿದರು. ನಂತರ ಬನ್ನಿಸಾರ್ ಕಡೆ ತಿರುಗಿ, "ಸರಿ, ನಾಳೆ ಟೈಮಿಗೆ ಸರಿಯಾಗಿ ಬಾ" ಎಂದರು.

ನಡೆದದ್ದನ್ನು ಮನೆಯ ಬಾಗಿಲಲ್ಲೇ ಕೇಳಿ ಹೆಂಡತಿ ಉರಿದುಬಿದ್ದರು. "ನಾಯಿಗೆ ಬನ್ನಿ, ನಿಮಗೆ ಬಾ. ಕೇಳಿಸ್ಕೊಂಡು ಸುಮ್ನೆ ಬಂದ್ರಾ?"

ಬನ್ನಿಸಾರ್ ಚಪ್ಪಲಿ ಬಿಡುತ್ತಾ ಹೇಳಿದರು: "ನಾಯಿ ಚುರುಕು, ವಾರದಲ್ಲಿ ಕಲೀತು. ಅದರ ಯಜಮಾನ್ರು ಸ್ವಲ್ಪ ನಿಧಾನ. ದಿನಾ ಹೋಗ್ತಿದ್ರೆ ಕಲೀತಾರೆ."