ಹುಡುಗಿಯ ಸೋದರಮಾವನ ಲಾರಿ ಮತ್ತು ಒಂದು ಬೋಲ್ಟು

ನಮ್ಮ ಕಡೆ ಹುಡುಗಿ ನೋಡುವ ಶಾಸ್ತ್ರ ಮುಗಿದ ಮೇಲೆ ಹುಡುಗಿಯ ಕಡೆಯವರು ಹುಡುಗನ ಮನೆ ನೋಡಲು ಬರುತ್ತಾರೆ. ನಾನು ನೋಡಿಬಂದ ಹುಡುಗಿಯ ಮನೆಯವರು, ಹಳಿಯಾಳದವರು, ನಮ್ಮ ಮನೆಗೆ ಭಾನುವಾರ ಬರುವವರಿದ್ದರು. ಹುಡುಗಿಯ ಸೋದರಮಾವ ಮಾತ್ರ ಶುಕ್ರವಾರ ಬೆಳಿಗ್ಗೆಯೇ ದಾಂಡೇಲಿಯ ನನ್ನ ಗ್ಯಾರೇಜಿನ ಮುಂದೆ ಇಟ್ಟಿಗೆ ತುಂಬಿದ ಲಾರಿ ತಂದು ನಿಲ್ಲಿಸಿದರು.

"ಮನಿ ಐತ್ವಾರ ಎಲ್ಲಾರೂ ನೋಡತಾರ. ನಾ ಕೈ ನೋಡಾಕ ಬಂದೇನಿ," ಎಂದರು. "ಗಾಡಿ ಹೀಟ್ ಆಗಾಕತ್ತೈತ್ರಿ. ಇಟ್ಟಂಗಿ ಇವತ್ತ ಜೊಯಿಡಾ ಮುಟ್ಟಬೇಕು."

ಆ ಮನೆಯಲ್ಲಿ ಸೋದರಮಾವ ಬೇಡ ಎಂದರೆ ಮುಗಿಯಿತು ಎಂದು ಅವ್ವ ಮೊದಲೇ ಹೆದರಿಸಿದ್ದಳು. ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ. ಚಹಾ ಕೊಡುವಾಗ ನನ್ನ ಉಗುರಿನ ಸಂದಿಯ ಗ್ರೀಸ್ ನೋಡಿ ತುಟಿ ಕಚ್ಚಿ ನಗು ತಡೆದಿದ್ದಳು. ಅಷ್ಟೇ. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಮೂವತ್ತು ದಾಟಿದ ಗಂಡಸು, ಯಾರದೋ ಬಸ್ಸಿನ ಕೆಳಗೆ ಮಲಗಿ ಒಬ್ಬನೇ ಹಲ್ಲು ಕಿರಿಯುತ್ತಿದ್ದೆ.

ಸ್ಟೂಲ್ ಹಾಕಿಕೊಟ್ಟೆ. ಮಾಮಾ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ಅವಸರವಾದೀತೆಂದು ಕಾಕಾ ಅಂದೆ. ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಖಾಲಿ ಮಾಡಿದರೆ ತುಕ್ಕಿನ ಕೆಂಪು ನೀರು ಬಂತು. ಒಳಗೆಲ್ಲ ತೊಳೆದೆ. ನೀರು ಬಿಸಿಯಾದಾಗ ತೆರೆದುಕೊಳ್ಳಬೇಕಾದ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಜಾಮ್ ಆಗಿತ್ತು. ಹೊಸದು ಕೂರಿಸಿ, ನೀರು ಸೋರದಂತೆ ಹೊಸ ಪ್ಯಾಕಿಂಗ್ ಇಟ್ಟು, ಮೇಲಿನ ಮುಚ್ಚಳಕ್ಕೆ ಮೂರು ಬೋಲ್ಟು ಹಾಕಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣ. ಆದರೆ ಅವರು ಕೈ ನೋಡಲು ಬಂದಿದ್ದರಲ್ಲ, ತೋರಿಸುವ ಹುಕಿ ಬಂತು. ಚಕ್ರದ ನಟ್ಟಿಗೆ ಮಾಡುವಂತೆ ಬೋಲ್ಟು ಬಿಗಿಯುವ ಪಾನಾದ ಹಿಡಿಕೆಗೆ ಉದ್ದನೆಯ ಪೈಪ್ ತೂರಿಸಿ, ತೋಳು ಉಬ್ಬಿಸಿ, ಮೂರನೆಯ ಬೋಲ್ಟನ್ನು ಜಗ್ಗಿದೆ.

ಬೋಲ್ಟು ಕಬ್ಬಿಣದ್ದು, ಅದು ಕೂರುವ ತೂತು ಅಲ್ಯುಮಿನಿಯಂನದು. ಬಿಗಿಯಾಗುತ್ತ ಬಂದದ್ದು ಒಮ್ಮೆಲೇ ಮೆತ್ತಗಾಯಿತು. ತೂತಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೀರು, ಥ್ರೆಡ್ಡೆಲ್ಲ, ಕಿತ್ತು ಹೋಗಿತ್ತು. ಅದು ಕೈಗೆ ಮಾತ್ರ ಗೊತ್ತಾಗುವ ಸಂಗತಿ, ಕಣ್ಣಿಗೆ ಕಾಣುವುದಿಲ್ಲ.

"ಬೇಷ್ ಬಿಗದ್ರಿ," ಎಂದರು ಅವರು.

ಬೋಲ್ಟಿಗೆ ನೂಲು ಸುತ್ತಿ ಪೇಸ್ಟ್ ಬಳಿದು ಕೂರಿಸಿದರೆ ಜೊಯಿಡಾ ದಾಟುವವರೆಗೆ ನಿಂತೀತು. ನೂಲಿನ ಉಂಡೆಗೆ ಕೈಯನ್ನೂ ಹಾಕಿದ್ದೆ. ಆದರೆ ಮುಂದೆಂದೋ ಕಾಡಿನ ನಡುವೆ ಅದು ಕಿತ್ತು, ಕುದಿಯುವ ನೀರು ಚಿಮ್ಮಿ, ಇವರು ಬಾನೆಟ್ ಮುಂದೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಅವಳ ಮಾವ. ಅದು ಆಗದ ಮಾತು.

"ಕಾಕಾ, ಥ್ರೆಡ್ ಹೋತ್ರಿ," ಎಂದೆ. "ಪೈಪ್ ಹಾಕಬಾರದಿತ್ತು. ನಿಮ್ಮ ಮುಂದ ಜೋರು ತೋರಸಾಕ ಹೋದೆ."

ಅವರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತರು.

ಮತ್ತೆ ಎಲ್ಲ ಬಿಚ್ಚಿದೆ. ಚೂರುಗಳು ನೀರಿನ ದಾರಿಗೆ ಬೀಳದಂತೆ ಬಟ್ಟೆ ತುರುಕಿದೆ. ಡ್ರಿಲ್ಲಿನಿಂದ ತೂತು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್ ಎಂಬ ಕೊರೆಯುವ ಸಲಾಕೆಗೆ ಗ್ರೀಸ್ ಮೆತ್ತಿ ಹೊಸ ಥ್ರೆಡ್ ಕೊರೆಯಲು ಹಿಡಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಉಸಿರು ಕೂಡ ಅದೇ ಲೆಕ್ಕದಲ್ಲಿ ಬಿಡುತ್ತಿದ್ದೆ. ಆಮೇಲೆ ಸ್ಪ್ರಿಂಗಿನಂಥ ಸ್ಟೀಲ್ ತಂತಿಯ ಸುರುಳಿಯನ್ನು ಆ ಥ್ರೆಡ್ಡಿನೊಳಗೆ ತಿರುಗಿಸಿ ಇಳಿಸಿದೆ. ಇನ್ನು ಬೋಲ್ಟು ಕಚ್ಚುವುದು ಸ್ಟೀಲನ್ನು. ಗಿಡ್ಡ ಪಾನಾ ತೆಗೆದುಕೊಂಡು, ಮೂರೂ ಬೋಲ್ಟುಗಳನ್ನು ಸರದಿಯ ಮೇಲೆ ಇಷ್ಟಿಷ್ಟೇ ಬಿಗಿದೆ. ಕೂಲಂಟ್ ತುಂಬಿ, ಗಾಳಿ ಹೋಗುವವರೆಗೆ ಎಂಜಿನ್ ಓಡಿಸಿದೆ. ಒಂದು ಹನಿಯೂ ಇಲ್ಲ.

"ನೀವೂ ಗಾಡಿ ಹತ್ತ್ರಿ," ಎಂದರು.

ಜೊಯಿಡಾದ ದಾರಿ ಹಿಡಿದೆವು. ಪ್ರತಿ ಏರಿನಲ್ಲೂ ನಾನು ಹೀಟ್ ಮೀಟರಿನ ಮುಳ್ಳು ನೋಡುತ್ತಿದ್ದೆ, ಅವರು ನನ್ನನ್ನು ನೋಡುತ್ತಿದ್ದರು. ಮುಳ್ಳು ನಡುವೆಯೇ ನಿಂತಿತ್ತು. ನನ್ನ ಪಾಡು ಹೇಳತೀರದು, ಹೆದರಿಕೆಯಲ್ಲೂ ನಗು ಬರುತ್ತಿತ್ತು.

ಇಟ್ಟಿಗೆ ಇಳಿಸುವ ಜಾಗದಲ್ಲಿ ಲಾರಿ ನಿಲ್ಲಿಸಿ, ಇಳಿದು ಕೆಳಗೆ ಬಗ್ಗಿ ನೋಡಿ ಮತ್ತೆ ಕ್ಯಾಬಿನ್ನಿಗೆ ಬಂದು, ತಂಗಿಗೆ ಫೋನ್ ಹಚ್ಚಿದರು. ತಂಗಿ ಎಂದರೆ ಹುಡುಗಿಯ ತಾಯಿ. ನನಗೂ ಕೇಳಲೆಂದೇ ಸ್ಪೀಕರ್ ಒತ್ತಿದರು.

"ಹುಡುಗ ನನ್ನ ಗಾಡಿ ಬೋಲ್ಟ್ ಹಾಳ ಮಾಡಿದ," ಎಂದರು.

ಆ ಕಡೆಯಿಂದ "ಅಯ್ಯ ಶಿವನ" ಎಂದು ಕೇಳಿತು. ನಾನು ಕಣ್ಣು ಮುಚ್ಚಿಕೊಂಡೆ.

"ಮಾಡಿದ್ದು ತಾನ ಹೇಳಿದ. ಹೇಳದಿದ್ರ ನನಗ ಗೊತ್ತ ಆಗ್ತಿರಲಿಲ್ಲ. ನನ್ನ ಎದುರಿಗೇ ಕುಂತು ದುರಸ್ತಿ ಮಾಡಿದ."

ಆಮೇಲೆ ತಾಯಿಯ ಹಿಂದಿನಿಂದ ಬೇರೊಂದು ದನಿ, ನಾನು ಅಷ್ಟು ದಿನ ಕೇಳಬೇಕೆಂದಿದ್ದ ದನಿ, ಕೇಳಿತು. "ಮಾಮಾ, ಈಗ ನೀರ ಸೋರಾಕತ್ತೈತೇನು?"

"ಒಂದ ಹನಿ ಇಲ್ಲವಾ."

"ಹಂಗಾರ ನಂದು ಹೂಂ ಐತಿ ಅಂತ ಹೇಳ್ರಿ ಅವರಿಗೆ."

ಅವರು ಹೇಳುವ ಮೊದಲೇ ನಾನು ಕ್ಯಾಬಿನ್ನಿನಿಂದ ಜಿಗಿದಿದ್ದೆ. ಏನು ಮಾಡಬೇಕೆಂದು ತಿಳಿಯದೆ, ಹಮಾಲರ ನಡುವೆ ನುಗ್ಗಿ ಅರ್ಧ ಲೋಡು ಇಟ್ಟಿಗೆ ನಾನೇ ಇಳಿಸಿದೆ.