ಅಳಿಸಿಹೋದ ಅಳತೆಗಳ ಹಿಂದೆ ಡಿಸ್ಕಕ್ಕ

ಬೆಳಗ್ಗೆ ಐದೂ ಮುಕ್ಕಾಲು. ಕೃತಕ ಕಾಲು ಮಾಡಿಕೊಡುವ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೀರುವಿನಷ್ಟೆತ್ತರದ ಹಳೇ ಕಂಪ್ಯೂಟರ್ ಗುಂಯ್‌ಗುಡುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹಸಿರು ಅಕ್ಷರಗಳನ್ನು ಸಾಲುಸಾಲಾಗಿ ಓದುತ್ತಿದ್ದಾರೆ. ಈ ಯಂತ್ರದ ಡಿಸ್ಕು ಕಾಯುವುದರಿಂದ ಆಸ್ಪತ್ರೆಗೆಲ್ಲ ಅವರು ಡಿಸ್ಕಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಇಲ್ಲಿ ಒಬ್ಬೊಬ್ಬರ ಕಾಲಿನ ಅಳತೆಗೂ ಒಂದೊಂದು ಫೈಲು. ಆದರೆ ಹೆಸರು ಎರಡು: ಒಂದು ವಾರ್ಡಿನ ಪಟ್ಟಿಯಲ್ಲಿ, ಇನ್ನೊಂದು ಕಾಲು ತಯಾರಿಸುವ ಕಾರ್ಖಾನೆಯ ಪಟ್ಟಿಯಲ್ಲಿ. ಡಿಸ್ಕಕ್ಕ ವಿವರಿಸುವುದು ಹೀಗೆ: "ಮನೇಲಿ ಪುಟ್ಟಿ ಅಂತೀವಿ, ಶಾಲೇಲಿ ಬೇರೆ ಹೆಸರು. ಶಾಲೆ ಪಟ್ಟೀಲಿ ಹೆಸರು ಹೊಡೆದ್ರೆ ಮಗು ಸತ್ತುಹೋಗುತ್ತಾ? ಎಷ್ಟು ಹೆಸರಿದೆ ಅಂತ ಯಂತ್ರ ಎಣಿಕೆ ಇಟ್ಕೊಂಡಿರುತ್ತೆ. ಅದು ಸೊನ್ನೆಯಾದ್ರೆ ಮಾತ್ರ ಫೈಲಿನ ಜಾಗ ಬೇರೆಯವರಿಗೆ."

ಕರೆಂಟು ಹಠಾತ್ತನೆ ಹೋದರೆ ಈ ಎಣಿಕೆಯೇ ತಪ್ಪುತ್ತದೆ. ಇರುವುದು ಎರಡು ಹೆಸರು, ಯಂತ್ರದ ಲೆಕ್ಕದಲ್ಲಿ ಒಂದೇ. ಆಗ ಒಂದನ್ನು ಅಳಿಸಿದರೂ ಫೈಲೇ ಮಾಯ. ಅದಕ್ಕೇ ಇಪ್ಪತ್ತಾರು ವರ್ಷದಿಂದ ದಿನಾ, ಕಾರ್ಖಾನೆ ಬಾಗಿಲು ತೆಗೆಯುವ ಮೊದಲು, ಒಂಬತ್ತು ಸಾವಿರ ಫೈಲುಗಳ ಎಣಿಕೆ ನೋಡಿ ತಿದ್ದುವುದು ಇವರ ಕೆಲಸ. "ಮಗಳ ಹೆರಿಗೆ ದಿನಾನೂ ಮುಗಿಸ್ಕೊಂಡೇ ಹೋದೆ. ಮೊಮ್ಮಗಳು ಕಾಯ್ಲಿಲ್ಲ, ಹುಟ್ಟಿಬಿಟ್ಟಿದ್ಲು."

ಕಳೆದ ತಿಂಗಳು ಮಟಮಟ ಮಧ್ಯಾಹ್ನ ಕರೆಂಟು ಹೋಗಿ ಬಂತು. ಹೊಸ ಆಡಳಿತಾಧಿಕಾರಿಗೆ ಡಿಸ್ಕಿನಲ್ಲಿ ಜಾಗ ಖಾಲಿ ಮಾಡಿಸುವ ಹುಕಿ. "ಒಂದೇ ಫೈಲಿಗೆ ಎರಡೆರಡು ಹೆಸರು ಯಾಕಮ್ಮ, ದಂಡಕ್ಕೆ?"

"ಹೆಸರು ಅಳಿಸಿದ್ರೆ ಜಾಗವೇನೂ ಮಿಗಲ್ಲ ಸಾರ್, ಫೈಲು ಒಂದೇ ಅಲ್ವಾ. ನಾನು ಎಣಿಕೆ ನೋಡೋ ತನಕ ಒಂದನ್ನೂ ಮುಟ್ಬೇಡಿ," ಎಂದು ಕೈಮುಗಿದು, ನೋಟ್‌ಬುಕ್ ತರಲು ಮಹಡಿಗೆ ಹೋದರು. ಬರುವಷ್ಟರಲ್ಲಿ ಸಾಹೇಬರು ಅಳಿಸಿ ಮುಗಿಸಿದ್ದರು. ಎಣಿಕೆ ತಪ್ಪಿದ್ದ ನಲವತ್ತೊಂದು ಜನರ ಅಳತೆ ನೆಗೆದುಬಿತ್ತು.

"ಮತ್ತೆ ಅಳೆದ್ರಾಯ್ತಪ್ಪ" ಎಂದರಂತೆ ಸಾಹೇಬರು. ಕಾಲು ಮಾಡುವ ಮೇಸ್ತ್ರಿಗೆ ಇವತ್ತಿಗೂ ಆ ಮಾತಿಗೆ ಮೈ ಉರಿಯುತ್ತದೆ. "ಬರೀ ಅಳತೆ ಅಲ್ರೀ ಅದು. ಎಲ್ಲಿ ಒತ್ತುತ್ತೆ, ಎಲ್ಲಿ ಚರ್ಮ ಸುಲಿಯುತ್ತೆ ಅಂತ ಹತ್ತು ವರ್ಷ ತಿದ್ದಿ ತಿದ್ದಿ ಬಂದಿದ್ದು!"

ತನಿಖೆಯೂ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! "ನಿರ್ವಾಹಕಿಯ ಅಜಾಗರೂಕತೆ" ಎಂದು ಬರೆದ ಕಾಗದ ಡಿಸ್ಕಕ್ಕನ ಮುಂದೆ ಬಂತು. ಹಳೇ ಯಂತ್ರವನ್ನು ಗುಜರಿಗೆ ಹಾಕುವುದೆಂದೂ ತೀರ್ಮಾನವಾಗಿತ್ತು. ಒಪ್ಪಿ ಸಹಿ ಹಾಕಿದರೆ ಅದು ಹೋಗುವ ತನಕ ಅದರ ಮುಂದೆ ಕೂರಬಹುದು. ಇಲ್ಲದಿದ್ದರೆ ಕೋಣೆಗೆ ಅವತ್ತೇ ಬೀಗ.

"ಹಾಕ್ಬೇಡ ಕಣೇ, ಇಷ್ಟು ವರ್ಷದ ಮರ್ಯಾದೆ," ಎಂದು ಗಂಡ ಗೋಗರೆದರು. ಇವರು ಹಾಕಿಬಂದರು. ಮನೆಗೆ ಬಂದು ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಅಳಿಸಿದ ಫೈಲಿನ ಚೂರುಗಳು ಡಿಸ್ಕಿನಲ್ಲಿ ಅಲ್ಲಲ್ಲಿ ಉಳಿದಿರುತ್ತವೆ, ಮೇಲೆ ಹೊಸದೇನೂ ಬರೆಯದಿದ್ದರೆ. ಡಿಸ್ಕಕ್ಕ ಈಗ ಅವನ್ನು ಒಂದೊಂದಾಗಿ ಓದಿ, ಯಾರ ಕಾಲಿನದೆಂದು ಗುರುತು ಹಿಡಿದು ಜೋಡಿಸುತ್ತಿದ್ದಾರೆ. ಬಂದು ನೋಡಿದ ಅಧಿಕಾರಿ ಒಬ್ಬರೂ ಇಲ್ಲ. ಯಂತ್ರ ಹೊರಡಲು ಇನ್ನು ನಾಲ್ಕು ದಿನ.

ಆ ಕಾಗದ ವಾಪಸ್ ತೆಗೆಸುವ ಆಸೆಯಿಲ್ಲವೇ ಎಂದರೆ ಪರದೆಯಿಂದ ಕಣ್ಣು ಕೀಳುವುದಿಲ್ಲ.

"ಏನಾದ್ರೂ ಬರ್ಕೊಳ್ಳಿ ಬಿಡಿ. ನಾನು ಸಹಿ ಹಾಕಿದ್ದಕ್ಕೆ ಇಪ್ಪತ್ತೊಂಬತ್ತು ಜನರ ಅಳತೆ ಸಿಕ್ತು, ಅವರು ನಡೀತಾರೆ. ಇನ್ನೂ ಹನ್ನೆರಡು ಜನ ಕೂತೇ ಇದ್ದಾರೆ. ನೀವು ಮಾತಾಡಿಸ್ಬೇಡಿ."