ರಾಜೀನಾಮೆ ಒಪ್ಪದ ಹೆಂಗಸು

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಯಾರಾದರೂ ರಾಜೀನಾಮೆ ಕೊಟ್ಟರೆ ಅದನ್ನು ಅವತ್ತೇ ಒಪ್ಪಿಕೊಳ್ಳುವುದು ಮರ್ಯಾದೆಯಲ್ಲ ಎಂದು ನಾವು ಎಚ್‌ಆರ್‌ನವರು ನಂಬಿದ್ದೆವು. ಕೂರಿಸಬೇಕು, ಕಾಫಿ ತರಿಸಬೇಕು, ಮನೆ ಕಡೆಯ ವಿಚಾರ ಕೇಳಬೇಕು. ಆಮೇಲೆ ಮ್ಯಾನೇಜರ್ ಮೇಲಿನ ಸಿಟ್ಟು, ತಪ್ಪಿಹೋದ ಪ್ರಮೋಷನ್ನು, ಎಲ್ಲ ಒಂದೊಂದಾಗಿ ಹೊರಬೀಳುತ್ತದೆ. ಅರ್ಧಕ್ಕರ್ಧ ಜನ ಕೆಲಸ ಬಿಡಲಿಕ್ಕೆಂದು ಆ ಪತ್ರ ಬರೆದಿರುವುದೇ ಇಲ್ಲ, ಯಾರಾದರೂ ಬೇಡ ಅನ್ನಲಿ ಎಂದು ಬರೆದಿರುತ್ತಾರೆ. ಬೇಡ ಅನ್ನುವುದರಲ್ಲಿ ನನ್ನದು ಎತ್ತಿದ ಕೈ. ಒಬ್ಬ ಇಂಜಿನಿಯರ್ ಏನು ಮಾಡಿದರೂ ಜಗ್ಗದಿದ್ದಾಗ ಅವರ ಹೆಂಡತಿಗೇ ಫೋನ್ ಮಾಡಿ, "ನೀವಾದ್ರೂ ಸ್ವಲ್ಪ ಹೇಳಿ ಮೇಡಂ" ಎಂದಿದ್ದೆ. ಮರುದಿನ ಆತ ಪತ್ರ ವಾಪಸ್ ತೆಗೆದುಕೊಂಡರು. ಹೆಂಡತಿ ನನಗೆ ಥ್ಯಾಂಕ್ಸ್ ಕೂಡ ಹೇಳಿದರು.

ಇಂಥ ಪಳಗಿದ ಕೈಯನ್ನು ಆಸ್ಟ್ರೇಲಿಯಾ ಕಣ್ಣೆತ್ತಿಯೂ ನೋಡಲಿಲ್ಲ. ಅಲ್ಲೇ ಕಾಯಂ ನೆಲೆಸಲು ಪಿಆರ್ ಬಂತು, ಗಂಡನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಯ ಎಪ್ಪಿಂಗ್ ಬಡಾವಣೆಯಲ್ಲಿ ಸ್ಟೇಷನ್‌ಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಅಪಾರ್ಟ್‌ಮೆಂಟ್ ಸಿಕ್ಕಿತು, ಮಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೆಳತಿಯರೂ ಸಿಕ್ಕರು. ನನಗೆ ಮಾತ್ರ "ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ" ಎಂಬ ಉತ್ತರ ಸಿಗುತ್ತಿತ್ತು. ಅದನ್ನೂ ಎಷ್ಟು ನಯವಾಗಿ ಹೇಳುತ್ತಿದ್ದರೆಂದರೆ, ಫೋನ್ ಇಟ್ಟ ಮೇಲೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು. ನಾನೂ ಒಂದು ಕಾಲದಲ್ಲಿ ಹೀಗೇ ನಯವಾಗಿ ಇಲ್ಲ ಅಂದವಳೇ, ಆದರೆ ಇವರ ಮುಂದೆ ನನ್ನದು ಏನೇನೂ ಅಲ್ಲ.

ವಾರಾಂತ್ಯದಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಬಾತಿನ ಜೊತೆ ಬುದ್ಧಿವಾದ ಬಡಿಸುತ್ತಿದ್ದರು. "ಎಚ್‌ಆರ್ ಎಲ್ಲ ಇಲ್ಲಿ ಕಷ್ಟ ರೀ. ಇಲ್ಲಿಯ ರೂಲ್ಸೇ ಬೇರೆ, ಜನಾನೇ ಬೇರೆ. ಚೈಲ್ಡ್‌ಕೇರ್ ಕೋರ್ಸ್ ಮಾಡ್ಬಿಡಿ, ಕೆಲಸ ಗ್ಯಾರಂಟಿ" ಎಂದು ಒಬ್ಬ ಆಂಟಿ ಎರಡನೆಯ ಸಲ ಹೇಳಿದಾಗ, "ಇರೋ ಒಬ್ಳು ಮಗಳನ್ನ ಸಾಕೋಷ್ಟರಲ್ಲೇ ಸಾಕುಸಾಕಾಗಿದೆ ಆಂಟಿ" ಎಂದುಬಿಟ್ಟೆ. ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆಂಟಿ ಕೆಟ್ಟದ್ದೇನೂ ಹೇಳಿರಲಿಲ್ಲ. ನನಗೆ ಒಳಗೊಳಗೇ ಭಯವಿತ್ತು, ಅಷ್ಟೆ. ಜನರ ಎದುರು ಕೂತು ಅವರ ಕೆಲಸದ ಕಷ್ಟಸುಖ ಕೇಳುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಈ ದೇಶದಲ್ಲಿ ಆ ವಿದ್ಯೆ ನಡೆಯುವುದಿಲ್ಲ ಅಂದರೆ ನಾನು ಇಲ್ಲಿ ಯಾರು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಕೊನೆಗೆ ಬಾಗಿಲು ತೆರೆದದ್ದು ಮೆಲ್ಬರ್ನ್. ಕೇಕು, ಒಳಗೆ ಹೂರಣ ತುಂಬಿದ ಪೈಗಳನ್ನು ಮಾಡಿ ಫ್ರೀಜ್ ಮಾಡಿ ಅಂಗಡಿಗಳಿಗೆ ಕಳಿಸುವ ಒಂದು ಫ್ಯಾಕ್ಟರಿ. ಎಚ್‌ಆರ್ ಅಡ್ವೈಸರ್ ಹುದ್ದೆ, ಆರು ತಿಂಗಳು ಪ್ರೊಬೇಷನ್.

"ಹೋಗ್ಬಾ ಕಣೇ" ಎಂದ ಗಂಡ. "ಒಂದ್ಸಲ ಇಲ್ಲಿಯ ಎಕ್ಸ್‌ಪೀರಿಯೆನ್ಸ್ ಅಂತ ಆಗ್ಬಿಟ್ರೆ ಸಿಡ್ನಿಯವ್ರೇ ಕರೀತಾರೆ. ಅಡುಗೆ ನಾನ್ ನೋಡ್ಕೋತೀನಿ."

"ಡ್ಯಾಡ್ಸ್ ಕುಕಿಂಗ್? ಸೀರಿಯಸ್ಲಿ?" ಎಂದಳು ಮಗಳು. ಅವಳಿಗೆ ಅಮ್ಮ ಹೋಗುವುದಕ್ಕಿಂತ ಅದೇ ದೊಡ್ಡ ಚಿಂತೆಯಾಗಿತ್ತು.

ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನಲ್ಲಿ ಗಂಡನ ಚಿಕ್ಕಪ್ಪನ ಮಗಳು, ನನಗೆ ನಾದಿನಿ, ಹೊಸದಾಗಿ ಮನೆ ಕಟ್ಟಿಸಿದ್ದಳು. ಬೀದಿಯ ಎಲ್ಲ ಮನೆಗಳೂ ಒಂದೇ ಥರ ಇದ್ದು ಮೊದಲ ವಾರ ನಾನು ಪಕ್ಕದ ಮನೆಯ ಬಾಗಿಲಿಗೆ ಕೀ ತುರುಕುತ್ತಿದ್ದೆ. ಅಲ್ಲಿಂದಲೇ ದಿನಾ ಫ್ಯಾಕ್ಟರಿಗೆ ಹೋಗಿ ಬರುವುದು, ಆಗಾಗ ಶುಕ್ರವಾರ ಸಂಜೆಯ ವಿಮಾನದಲ್ಲಿ ಸಿಡ್ನಿ. ನನ್ನ ಬಾಸ್ ನನಗಿಂತ ಹಿರಿಯ ಹೆಂಗಸು, ಆ ಊರಿನಲ್ಲೇ ಹುಟ್ಟಿ ಬೆಳೆದವರು. ಹೆಸರು ಹಿಡಿದು ಕರೆ ಎಂದಿದ್ದರು. ನನ್ನ ಬಾಯಿಗೆ ಅದು ಬಾರದೆ, ಏನೂ ಕರೆಯದೆ ಸುಮ್ಮನೆ ಎದುರಿಗೆ ಹೋಗಿ ನಿಂತು ಅವರು ತಲೆಯೆತ್ತುವವರೆಗೆ ಕಾಯುತ್ತಿದ್ದೆ.

ಪ್ರೊಬೇಷನ್ ಮುಗಿಯುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಪೈ ವಿಭಾಗದ ಸೂಪರ್‌ವೈಸರ್ ನನ್ನ ಹತ್ತಿರ ಬಂದರು. ವಯಸ್ಸು ಐವತ್ತು ದಾಟಿದ ಮನುಷ್ಯ, ಹರೆಯದಿಂದಲೂ ಅಲ್ಲೇ ಕೆಲಸ. ನಗುತ್ತಾ ರಾಜೀನಾಮೆ ಪತ್ರ ಮೇಜಿನ ಮೇಲಿಟ್ಟರು. ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ, ಕ್ಯಾರವಾನ್ ಕೊಂಡಿದ್ದೇನೆ, ಹೆಂಡತಿಯ ಜೊತೆ ದೇಶ ಸುತ್ತಲು ಹೊರಡುತ್ತೇನೆ ಎಂದರು.

ಇಂಥ ನಗು ನಾನು ಎಷ್ಟು ನೋಡಿಲ್ಲ. ನಗುವವರೇ ಹೆಚ್ಚು ನೊಂದಿರುತ್ತಾರೆ ಎಂದು ನನ್ನ ಅನುಭವ ಹೇಳಿತು. ಪತ್ರ ಅವರ ಕಡೆಗೇ ತಳ್ಳಿ, ಕೂತ್ಕೊಳ್ಳಿ, ಏನು ಸಮಸ್ಯೆ ಎಂದೆ. ಸಮಸ್ಯೆ ಏನೂ ಇಲ್ಲ ಎಂದರು. ಮ್ಯಾನೇಜರ್ ಏನಾದರೂ ಅಂದರಾ? ಇಲ್ಲ. ಶಿಫ್ಟ್ ಬದಲಾಯಿಸಬೇಕಾ? ಬೇಡ. ಎರಡು ದಿನ ಯೋಚನೆ ಮಾಡಿ ಎಂದೆ. ಅವರು ಪಾಪ, ಯಾವ ಭಾಷೆಯಲ್ಲಿ ಹೇಳಿದರೆ ಇವಳಿಗೆ ಅರ್ಥವಾದೀತು ಎಂಬಂತೆ ನನ್ನನ್ನೇ ನೋಡಿ ಎದ್ದು ಹೋದರು. ಎರಡು ದಿನದ ನಂತರ ಅದೇ ಪತ್ರ ಹಿಡಿದು, ಅದೇ ನಗುವಿನೊಂದಿಗೆ ಬಂದರು.

ನಾನೂ ಪಟ್ಟು ಬಿಡುವವಳಲ್ಲ. ಅವರು ಅತ್ತ ಹೋದದ್ದೇ, ಕಂಪ್ಯೂಟರಿನಲ್ಲಿ ಅವರ ಎಮರ್ಜೆನ್ಸಿ ನಂಬರ್ ಹುಡುಕಿ ಹೆಂಡತಿಗೆ ಫೋನ್ ಮಾಡಿದೆ. ನಾನು ಫ್ಯಾಕ್ಟರಿಯ ಎಚ್‌ಆರ್, ನಿಮ್ಮ ಯಜಮಾನರ ವಿಷಯ ಮಾತಾಡಬೇಕಿತ್ತು ಎಂದೆ. ಆ ಕಡೆಯಿಂದ ಏನೋ ಬಿದ್ದ ಸದ್ದು ಕೇಳಿಸಿತು. ಆಮೇಲೆ ಆಕೆ ಸಣ್ಣ ದನಿಯಲ್ಲಿ, ಯಾವ ಆಸ್ಪತ್ರೆ ಎಂದರು.

ಆಸ್ಪತ್ರೆ ಇಲ್ಲ, ಅವರು ಚೆನ್ನಾಗಿದ್ದಾರೆ, ಇಲ್ಲೇ ಪೈ ಮಾಡುತ್ತಿದ್ದಾರೆ ಎಂದು ತಡವರಿಸಿದೆ. ಹಾಗಾದರೆ ಫೋನ್ ಯಾಕೆ ಎಂದರು. ಅವರು ಕೆಲಸ ಬಿಡದಂತೆ ನೀವು ಒಂದು ಮಾತು ಹೇಳಬೇಕು ಎಂದೆ. ಆಕೆ ಫೋನ್ ಇಟ್ಟವರೇ ನೇರವಾಗಿ ನನ್ನ ಬಾಸ್‌ಗೆ ಫೋನ್ ಮಾಡಿದರಂತೆ.

ಮಧ್ಯಾಹ್ನದೊಳಗೆ ಬಾಸ್ ಕರೆದರು. ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು. "ಆ ನಂಬರ್ ಜೀವಕ್ಕೆ ಅಪಾಯವಾದಾಗ ಮಾಡುವುದಕ್ಕೆ ಕೊಟ್ಟದ್ದು. ಬೇರೆ ಯಾವುದಕ್ಕೂ ಅಲ್ಲ" ಎಂದರು. "ಇಲ್ಲಿ ಒಬ್ಬರು ಹೋಗುತ್ತೇನೆ ಅಂದರೆ ಅದು ಅವರ ತೀರ್ಮಾನ. ಸಂತೋಷವಾಗಿ ಕಳಿಸಿಕೊಡುವುದು ನಮ್ಮ ಕೆಲಸ. ನಿನ್ನ ಪ್ರೊಬೇಷನ್ ವಿಷಯ ಈಗ ನಾನು ಯೋಚಿಸಬೇಕಾಗುತ್ತದೆ."

ಆ ಸಂಜೆ ನಾದಿನಿಯ ಅಡುಗೆಮನೆಯಲ್ಲಿ ಕೂತು ಎಲ್ಲ ಹೇಳಿದೆ. ಅವಳು ಚಪಾತಿ ಲಟ್ಟಿಸುವುದು ನಿಲ್ಲಿಸಿ ನಕ್ಕಳು, ಲಟ್ಟಣಿಗೆ ಕೆಳಗಿಟ್ಟು ಮತ್ತೆ ನಕ್ಕಳು.

"ಅತ್ತಿಗೆ, ನೀವು ಬದುಕಿರೋರನ್ನ ಸಾಯಿಸ್ಬಿಟ್ರಲ್ಲ."

"ನಗು, ನಗು. ಕೆಲಸ ಹೋದ್ರೆ ನಿಮ್ಮನೇಲೇ ಇದ್ದು ನಿನ್ನ ತಲೆ ತಿಂತೀನಿ" ಎಂದೆ. ಎರಡು ಚಪಾತಿ ಜಾಸ್ತಿಯೇ ತಿಂದೆ. ಮಲಗಿದ ಮೇಲೆ ಮಾತ್ರ ನಿದ್ದೆ ಬರಲಿಲ್ಲ. ಆ ಕೆಲಸ ಹೋದರೆ ಇನ್ನೊಂದು ಎಚ್‌ಆರ್ ಕೆಲಸ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಸೂಪರ್‌ವೈಸರ್‌ಗೂ ಅವರ ಹೆಂಡತಿಗೂ ಕ್ಷಮೆ ಕೇಳಿ ಬರೆದೆ. ಬೀಳ್ಕೊಡುಗೆಯ ದಿನ ಕ್ಯಾಂಟೀನಿನಲ್ಲಿ ಚಹಾ, ಕೊಬ್ಬರಿ ತುರಿ ಹೊದ್ದ ಲ್ಯಾಮಿಂಗ್ಟನ್ ಕೇಕು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅವರ ಹೆಂಡತಿಯೂ ಬಂದಿದ್ದರು, ಬಂದವರೇ ಫೋನ್ ಮಾಡಿದವಳು ಯಾರು ಎಂದು ವಿಚಾರಿಸಿ ನೇರವಾಗಿ ನನ್ನೆದುರು ಬಂದು ನಿಂತರು. ಬಾಸ್ ಪಕ್ಕದಲ್ಲೇ ಇದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಪ್ರಾಣ ಹೋದಂತಾಗಿತ್ತು ನನಗೆ" ಎಂದರು ಆಕೆ. "ಆದರೆ ಅವತ್ತು ಸಂಜೆ ನೀನು ಹೇಳಿದ್ದು ಇವರಿಗೆ ಹೇಳಿದೆ. ಹೋಗಬೇಡ ಅಂದರಾ ಎಂದು ಎರಡೆರಡು ಸಲ ಕೇಳಿದರು. ಇಷ್ಟು ವರ್ಷ ದುಡಿದರಲ್ಲ, ನೀನು ಬೇಕು ಅಂತ ಇವರಿಗೆ ಯಾರೂ ಹೇಳಿರಲಿಲ್ಲ." ನನ್ನ ಕೈ ಹಿಡಿದು ಅದುಮಿ, ಕೇಕು ತೆಗೆದುಕೊಳ್ಳಲು ಹೋದರು.

ಮುಂದಿನ ವಾರ ಬಾಸ್ ಪ್ರೊಬೇಷನ್ ಮಾತು ಎತ್ತಿದರು. ಖಾಯಂ ಮಾಡುತ್ತೇನೆ, ಆದರೆ ಒಂದು ಷರತ್ತು ಎಂದರು. "ಹೊರಟವರ ಎದುರು ಕೂರಬೇಡ. ಇರುವವರ ಎದುರು ಕೂತುಕೋ. ನೀವು ಯಾಕೆ ಬೇಕು ಅಂತ ಅವರು ಇರುವಾಗಲೇ ಹೇಳು." ಅಲ್ಲಿಂದ ನನ್ನ ಕೆಲಸ ಅದೇ ಆಯಿತು. ಬಿಳಿ ಟೋಪಿ ಹಾಕಿಕೊಂಡು ಒಲೆಗಳ ಪಕ್ಕ, ಪ್ಯಾಕಿಂಗ್ ಬೆಲ್ಟಿನ ಪಕ್ಕ ನಿಂತು ಮಾತಾಡಿದೆ. ಮೊದಮೊದಲು ಅನುಮಾನದಿಂದ ನೋಡಿದವರು ಆಮೇಲೆ ತಾವೇ ಕರೆದು ಕಷ್ಟಸುಖ ಹೇಳತೊಡಗಿದರು. ಇಷ್ಟು ಖುಷಿಯಿಂದ ನಾನು ಬೆಂಗಳೂರಿನಲ್ಲೂ ಕೆಲಸ ಮಾಡಿರಲಿಲ್ಲ.

ಮರುವರ್ಷ ಸಿಡ್ನಿಯ ಒಂದು ಕಂಪನಿ ಕರೆಯಿತು. ಗಂಡ ಹೇಳಿದಂತೆಯೇ ಆಯಿತು, ಅದನ್ನು ಅವನು ಇವತ್ತಿಗೂ ಹೇಳಿಕೊಳ್ಳುತ್ತಾನೆ. ನನಗೆ ರೆಫರೆನ್ಸ್ ಕೊಟ್ಟವರು ಬಾಸ್ ಅವರೇ, ಹಾಗಾಗಿ ನಾನು ರಾಜೀನಾಮೆ ಪತ್ರ ಕೊಟ್ಟಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಓದಿ, ಬಹಳ ಒಳ್ಳೆಯದಾಯಿತು, ಮಗಳಿಗೆ ಎಷ್ಟು ಖುಷಿಯಾಗಿರಬೇಕು ಎಂದು ನಕ್ಕು ಪತ್ರವನ್ನು ಪಕ್ಕಕ್ಕಿಟ್ಟರು. ನಾನು ಏಳಲಿಲ್ಲ.

"ಇನ್ನೇನಾದರೂ ಇದೆಯಾ?" ಎಂದರು.

"ಒಂದು ಸಲ ಬೇಡ ಅನ್ನಿ" ಎಂದೆ. "ನಾನು ಹೋಗುವುದು ಹೋಗುವುದೇ. ಆದರೂ ಒಂದು ಸಲ."

ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಎದ್ದು ಬಾಗಿಲು ಮುಚ್ಚಿ ಬಂದು, ತಮ್ಮ ಕುರ್ಚಿ ಬಿಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ನೀನು ಬಂದ ಮೇಲೆ ಈ ಜಾಗ ಬದಲಾಗಿದೆ" ಎಂದರು. "ಹೋಗಬೇಡ."

ನಾನು ಅತ್ತುಬಿಟ್ಟೆ. ಅಳುತ್ತಲೇ, ಮೊದಲ ಬಾರಿಗೆ ಅವರ ಹೆಸರು ಹಿಡಿದು ಕರೆದು, ಸಿಡ್ನಿಗೆ ಹೊರಡುವ ತಾರೀಖು ಹೇಳಿದೆ. ಅವರು ಬರೆದುಕೊಂಡರು.